ಎಂಟು ಚಾನೆಲ್‌ಗಳ ಯುಎಸ್‌ಬಿ ಲಾಜಿಕ್ ಅನಲೈಸರ್: ದೀರ್ಘ ಬಳಕೆಯ ನಂತರದ ಅಭಿಪ್ರಾಯ

ಮಲ್ಟಿಮೀಟರ್ ಆದ ಮೇಲೆ ಎಲೆಕ್ಟ್ರಾನಿಕ್ಸ್ ಹವ್ಯಾಸಿ ಕೊಳ್ಳಬೇಕಾದ ಉಪಕರಣ ಯಾವುದೆಂದು ಕೇಳಿದರೆ, ಆಸಿಲೋಸ್ಕೋಪಿಗಿಂತ ಮೊದಲು ನಾನು ಹೆಸರಿಸುವುದು ಡಿಜಿಟಲ್ ಸಿಗ್ನಲ್‌ಗಳು ಯಾವ ಕ್ಷಣದಲ್ಲಿ ಏರಿ ಇಳಿದವು ಎಂಬುದನ್ನು ಸೆಕೆಂಡಿಗೆ 2.4 ಕೋಟಿ ಬಾರಿ (24 ಮೆಗಾಹರ್ಟ್ಸ್) ನೋಡಿ ದಾಖಲಿಸುವ ಈ ಅಗ್ಗದ ಲಾಜಿಕ್ ಅನಲೈಸರನ್ನು. ಹಲವು ತಯಾರಕರು ಬೇರೆ ಬೇರೆ ಹೆಸರಿನಲ್ಲಿ, ಕೆಲವರು ಹೆಸರೇ ಇಲ್ಲದೆ ಮಾರುವ ಈ ಪುಟ್ಟ ಪೆಟ್ಟಿಗೆಯನ್ನು ಚಿಪ್‌ಗಳು ಪರಸ್ಪರ ಮಾತನಾಡಲು ಬಳಸುವ ಯುಎಆರ್‌ಟಿ, ಐ2ಸಿ ಮತ್ತು ಎಸ್‌ಪಿಐ ಎಂಬ ಸಂಪರ್ಕಗಳ ದೋಷ ಹುಡುಕಲು ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ಇದು ಒಪ್ಪಿಸುವುದು ಕಾಲದ ಲೆಕ್ಕವನ್ನೇ ಹೊರತು ವೋಲ್ಟೇಜಿನ ಲೆಕ್ಕವನ್ನಲ್ಲ. ಅಷ್ಟನ್ನು ತಿಳಿದು ಕೊಂಡವರಿಗೆ ನಿರಾಸೆಯಾಗಲಾರದು.

ಒಳಗಿರುವುದು ಸೈಪ್ರೆಸ್ ವಿನ್ಯಾಸದ ಎಫ್‌ಎಕ್ಸ್2 ಯುಎಸ್‌ಬಿ ಚಿಪ್. ಸ್ಯಾಂಪಲ್‌ಗಳನ್ನು (ಪ್ರತಿ ಬಾರಿ ನೋಡಿ ದಾಖಲಿಸಿದ ಸ್ಥಿತಿಗಳನ್ನು) ಕೂಡಿಡಲು ಇದರಲ್ಲಿ ಪ್ರತ್ಯೇಕ ಮೆಮೊರಿ ಇಲ್ಲ. ಎಂಟು ಚಾನೆಲ್‌ಗಳ ಸ್ಥಿತಿಯನ್ನು ಪ್ರತಿ ಸ್ಯಾಂಪಲ್‌ಗೆ ಒಂದು ಬೈಟ್‌ನಂತೆ ಅದು ನೇರವಾಗಿ ಕಂಪ್ಯೂಟರಿಗೆ ಹರಿಸುತ್ತಲೇ ಇರುತ್ತದೆ. ಆದ್ದರಿಂದ ಎಷ್ಟು ಹೊತ್ತು ದಾಖಲಿಸಬಹುದು ಎಂಬುದು ಕಂಪ್ಯೂಟರಿನ ಮೆಮೊರಿಯನ್ನು ಅವಲಂಬಿಸಿದ್ದು, ಅಪರೂಪಕ್ಕೊಮ್ಮೆ ತಲೆದೋರುವ ದೋಷಕ್ಕಾಗಿ ಕಾದು ಕೂರುವವರಿಗೆ ಇದು ದೊಡ್ಡ ಅನುಕೂಲ. ಅನನುಕೂಲವೂ ಅದೇ ವಿನ್ಯಾಸದಿಂದ ಬರುತ್ತದೆ: ಸೆಕೆಂಡಿಗೆ 24 ಮೆಗಾಬೈಟ್ ಎಡೆಬಿಡದೆ ಸಾಗಬೇಕಾದ್ದರಿಂದ, ಬೇರೆ ಸಾಧನಗಳೂ ಇರುವ ಹಬ್‌ಗೆ ಚುಚ್ಚಿದರೆ ದಾಖಲಾತಿ ನಡುವೆಯೇ ನಿಂತುಹೋಗಬಹುದು. ನೇರ ಪೋರ್ಟ್‌ಗೆ ಜೋಡಿಸುವುದು, ಇಲ್ಲವೇ ವೇಗವನ್ನು 12 ಮೆಗಾಹರ್ಟ್ಸ್‌ಗೆ ಇಳಿಸುವುದು ಇದಕ್ಕೆ ಪರಿಹಾರ. ತಂತ್ರಾಂಶವಾಗಿ ಸಿಗ್‌ರಾಕ್ ಯೋಜನೆಯ ಮುಕ್ತ ತಂತ್ರಾಂಶ ಪಲ್ಸ್‌ವ್ಯೂ ಸಾಕು. ವಿಂಡೋಸ್‌ನಲ್ಲಿ ಡ್ರೈವರ್ ಬದಲಿಸುವ ಒಂದು ಕಿರಿಕಿರಿ ಇದೆ, ಲಿನಕ್ಸ್‌ನಲ್ಲಿ ಅನುಮತಿಯನ್ನು ಸರಿಪಡಿಸಿದರೆ ಮುಗಿಯಿತು.

ಯುಎಆರ್‌ಟಿಯಲ್ಲಿ ಇದರ ಮಹತ್ವ ಗೊತ್ತಾಗುವುದು ಎರಡೂ ಕಡೆಯ ಪ್ರೋಗ್ರಾಮ್‌ನಲ್ಲಿ ವೇಗ ಸೆಕೆಂಡಿಗೆ 115200 ಬಿಟ್ ಎಂದು ಬರೆದಿದ್ದರೂ ಕಸದಂಥ ಅಕ್ಷರಗಳು ಬರುವಾಗ. ಆ ವೇಗದಲ್ಲಿ ಒಂದು ಬಿಟ್‌ನ ಅವಧಿ 8.68 ಮೈಕ್ರೋಸೆಕೆಂಡ್ ಇರಬೇಕು. ಆದರೆ 16 ಮೆಗಾಹರ್ಟ್ಸ್ ಕ್ರಿಸ್ಟಲ್ ಇರುವ ಎಟಿಮೆಗಾ328 ಮೈಕ್ರೋಕಂಟ್ರೋಲರ್ ಚಿಪ್ಪಿಗೆ, ಗಡಿಯಾರವನ್ನು ಪೂರ್ಣಾಂಕದಿಂದಲೇ ಭಾಗಿಸಬೇಕಾದ ಕಾರಣ, ಆ ವೇಗ ಕರಾರುವಾಕ್ಕಾಗಿ ಸಿಗುವುದಿಲ್ಲ. ದುಪ್ಪಟ್ಟು ವೇಗದ ವಿಧಾನದಲ್ಲಿ ಅದು ಕೊಡುವುದು ಸುಮಾರು 117647, ಅಂದರೆ ಶೇಕಡಾ 2.1ರಷ್ಟು ಹೆಚ್ಚು. ಪರದೆಯ ಮೇಲೆ ಬಿಟ್‌ನ ಅಗಲವನ್ನು ಅಳೆದರೆ 8.5 ಮೈಕ್ರೋಸೆಕೆಂಡ್ ಎಂದು ಕಾಣುತ್ತದೆ. ಎದುರಿನ ಸಾಧನ ಕರಾರುವಾಕ್ಕಾಗಿದ್ದರೆ ಇಷ್ಟು ವ್ಯತ್ಯಾಸದಿಂದ ತೊಂದರೆಯಿಲ್ಲ, ಆದರೆ ಅದು ಕ್ರಿಸ್ಟಲ್ ಇಲ್ಲದೆ ಒಳಗಿನ ಆಂದೋಲಕದ ಮೇಲೆ ನಡೆಯುತ್ತ ನಿಧಾನದ ಕಡೆಗೆ ವಾಲಿದ್ದರೆ, ಅಕ್ಷರದ ಆರಂಭ ಸೂಚಿಸುವ ಸ್ಟಾರ್ಟ್ ಬಿಟ್‌ನಿಂದ ಕೊನೆ ಸೂಚಿಸುವ ಸ್ಟಾಪ್ ಬಿಟ್‌ಗೆ ಬರುವಷ್ಟರಲ್ಲಿ ವ್ಯತ್ಯಾಸಗಳು ಕೂಡಿಕೊಂಡು ಅಕ್ಷರ ಕೆಡುತ್ತದೆ. ಕೋಡನ್ನು ಎಷ್ಟು ಓದಿದರೂ ಸಿಗದ ಈ ಕಾರಣ ಅಳತೆಯಲ್ಲಿ ಕೂಡಲೇ ಸಿಗುತ್ತದೆ.

ನಾನು ಹೆಚ್ಚು ಹೊತ್ತು ಕಳೆದಿರುವುದು ಐ2ಸಿಯ ಜೊತೆಗೆ. ತಂತ್ರಾಂಶದ ಡಿಕೋಡರ್ ಚಿಪ್‌ನ ವಿಳಾಸ, ಓದು ಅಥವಾ ಬರಹ, ಆ್ಯಕ್ (ತಲುಪಿತು ಎಂದು ಎದುರಿನ ಚಿಪ್ ಕೊಡುವ ಸೂಚನೆ) ಎಲ್ಲವನ್ನೂ ಬಿಡಿಸಿ ತೋರಿಸುತ್ತದೆ, ಸೆನ್ಸರ್ ಉತ್ತರಿಸಲೇ ಇಲ್ಲವೋ ಅಥವಾ ಉತ್ತರಿಸಿದ್ದನ್ನು ನಮ್ಮ ಪ್ರೋಗ್ರಾಮ್ ತಪ್ಪಾಗಿ ಅರ್ಥ ಮಾಡಿಕೊಂಡಿತೋ ಎಂಬ ಗೊಂದಲ ಅಲ್ಲಿಗೇ ತೀರುತ್ತದೆ. ಆದರೆ ಡಿಕೋಡರನ್ನು ಕಣ್ಣು ಮುಚ್ಚಿ ನಂಬಬಾರದು. ಡಿಎಸ್3231 ಗಡಿಯಾರದ ಚಿಪ್ ಮತ್ತು ಎಂಪಿಯು6050 ಚಲನೆಯ ಸೆನ್ಸರ್ ಎರಡರ ವಿಳಾಸವೂ ಹೆಕ್ಸ್ (ಹದಿನಾರರ ಎಣಿಕೆಯ) 68. ಇವೆರಡನ್ನು ಒಂದೇ ಬಸ್‌ಗೆ, ಅಂದರೆ ಚಿಪ್‌ಗಳು ಹಂಚಿಕೊಳ್ಳುವ ತಂತಿಗಳಿಗೆ, ಸೇರಿಸಿದರೆ ಎರಡೂ ಒಟ್ಟಿಗೆ ಆ್ಯಕ್ ಕೊಡುತ್ತವೆ, ಪರದೆಯ ಮೇಲೆ ಎಲ್ಲವೂ ಸರಿಯಾಗಿರುವಂತೆಯೇ ಕಾಣುತ್ತದೆ. ಓದಿದ ದತ್ತಾಂಶ ಮಾತ್ರ ಎರಡರದೂ ಅಲ್ಲದ ಮಿಶ್ರಣ, ಏಕೆಂದರೆ ಚಿಪ್‌ಗಳು ಕೆಳಕ್ಕೆ ಎಳೆಯಬಲ್ಲವೇ ಹೊರತು ಮೇಲಕ್ಕೆ ತಳ್ಳಲಾರದ ಓಪನ್ ಡ್ರೈನ್ ತಂತಿಯ ಮೇಲೆ ಯಾರು ಸೊನ್ನೆಗೆ ಎಳೆದರೂ ಸೊನ್ನೆಯೇ ಗೆಲ್ಲುತ್ತದೆ. ಯಾರು ಎಳೆದರು ಎಂಬುದು ಅನಲೈಸರಿಗೆ ಕಾಣುವುದಿಲ್ಲ. ಎಂಪಿಯು6050ರ ಎಡಿ0 ಪಿನ್ ಅನ್ನು ಮೇಲಕ್ಕೆ ಕಟ್ಟಿ ವಿಳಾಸವನ್ನು 69 ಮಾಡಿದರೆ ಸಮಸ್ಯೆ ಇರುವುದಿಲ್ಲ.

ಆ ತಂತಿಯನ್ನು ಮತ್ತೆ ಮೇಲಕ್ಕೆ ಎಳೆಯುವ ಪುಲ್ಅಪ್ ರೆಸಿಸ್ಟರ್ ವಿಷಯದಲ್ಲಿ ಇದರ ಕುರುಡುತನ ಇನ್ನೂ ಸ್ಪಷ್ಟ. 10 ಕಿಲೋಓಮ್ ರೆಸಿಸ್ಟರ್ ಹಾಕಿ, ತಂತಿಗಳೂ ಚಿಪ್‌ಗಳೂ ಸೇರಿ ಬಸ್‌ನ ಕೆಪಾಸಿಟೆನ್ಸ್ 200 ಪಿಕೋಫ್ಯಾರಡ್ ಆಗಿದ್ದರೆ, ಸಿಗ್ನಲ್ ಏರಲು ಸುಮಾರು 1.7 ಮೈಕ್ರೋಸೆಕೆಂಡ್ ಬೇಕು. 100 ಕಿಲೋಹರ್ಟ್ಸ್ ವೇಗಕ್ಕೆ ಐ2ಸಿಯ ನಿಯಮ ಒಪ್ಪುವುದು 1 ಮೈಕ್ರೋಸೆಕೆಂಡನ್ನು ಮಾತ್ರ. ಆಸಿಲೋಸ್ಕೋಪಿನಲ್ಲಿ ಬಾಗಿದ ಏರಾಗಿ ಕಾಣುವ ಈ ದೋಷ ಇಲ್ಲಿ ಚೂಪಾದ ಚೌಕವಾಗಿಯೇ ಕಾಣುತ್ತದೆ, ಹೆಚ್ಚೆಂದರೆ ಕ್ಲಾಕ್‌ನ ಮೇಲಿನ ಭಾಗ ತುಸು ಕಿರಿದಾಗಿರುತ್ತದೆ. ಅನಲೈಸರಿನ ತಂತಿಗಳೂ ಕೆಪಾಸಿಟೆನ್ಸ್ ಸೇರಿಸುತ್ತವೆ. ಹೀಗಾಗಿ ಅಂಚಿನಲ್ಲಿ ನಿಂತಿರುವ ಬಸ್ಸು ನಾವು ಪ್ರೋಬ್ ಚುಚ್ಚಿದ ಕಾರಣಕ್ಕೇ ಬೀಳಬಹುದು. 4.7 ಕಿಲೋಓಮ್‌ಗೆ ಇಳಿಸಿ ನೋಡುವುದು ನನ್ನ ಮೊದಲ ಹೆಜ್ಜೆ.

ಎಸ್‌ಪಿಐಯಲ್ಲಿ ನನಗೆ ಮೆಚ್ಚುಗೆಯಾದದ್ದು ಒಂದೇ ಅಂಶ: ಒಮ್ಮೆ ದಾಖಲಿಸಿದ ಅಲೆಗೆ ಕ್ಲಾಕ್‌ನ ನಾಲ್ಕು ವಿಧಾನಗಳನ್ನೂ (ಕ್ಲಾಕ್‌ನ ಯಾವ ಅಂಚಿನಲ್ಲಿ ಬಿಟ್ ಓದಬೇಕು ಎಂಬ ಆಯ್ಕೆಗಳನ್ನು) ನಂತರ ಬದಲಿಸಿ ಬದಲಿಸಿ ನೋಡಬಹುದು. ವಿನ್‌ಬಾಂಡ್ ಫ್ಲ್ಯಾಶ್ ಚಿಪ್ಪಿನಿಂದ ತಯಾರಕರ ಗುರುತು ಓದುವಾಗ ಹೆಕ್ಸ್ ಇಎಫ್ ಬರಬೇಕಾದಲ್ಲಿ ಹೆಕ್ಸ್ 77 ಬಂದರೆ ಬಿಟ್‌ಗಳು ಒಂದು ಸ್ಥಾನ ಸರಿದಿವೆ ಎಂದರ್ಥ, ಆಗ ಸಂಶಯ ಹೋಗಬೇಕಾದದ್ದು ಕ್ಲಾಕ್‌ನ ವಿಧಾನದ ಮೇಲೆ. ವೇಗದ ಮಿತಿಯೂ ಇಲ್ಲೇ ಎದುರಾಗುತ್ತದೆ. 8 ಮೆಗಾಹರ್ಟ್ಸ್ ಕ್ಲಾಕ್‌ನ ಒಂದು ಆವರ್ತಕ್ಕೆ ಸಿಗುವುದು ಮೂರೇ ಸ್ಯಾಂಪಲ್, ಅದು ಸಾಲದು. 4 ಮೆಗಾಹರ್ಟ್ಸ್‌ಗಿಂತ ಮೇಲೆ ಬಂದ ಫಲಿತಾಂಶವನ್ನು ನಾನು ನಂಬುವುದಿಲ್ಲ, ಪರೀಕ್ಷೆಯ ಹೊತ್ತಿಗೆ ಕ್ಲಾಕನ್ನೇ ನಿಧಾನಗೊಳಿಸುತ್ತೇನೆ.

ಜೊತೆಗೆ ಬರುವ ತಂತಿಗಳ ಕನೆಕ್ಟರ್ ಬೇಗ ಸಡಿಲಾಗುತ್ತದೆ. ಒಳ್ಳೆಯ ಕ್ಲಿಪ್‌ಗಳನ್ನು ಬೇರೆಯಾಗಿ ಕೊಳ್ಳುವುದು ಲೇಸು. 3.3 ಮತ್ತು 5 ವೋಲ್ಟ್ ಎರಡನ್ನೂ ಸರಿಯಾಗಿ ಓದುವ ಇದು 1.8 ವೋಲ್ಟ್ ಚಿಪ್‌ಗಳ ಮುಂದೆ ಸೋಲುತ್ತದೆ. ಆರ್‌ಎಸ್232 (ಹಳೆಯ ಕಂಪ್ಯೂಟರ್‌ಗಳ ಸೀರಿಯಲ್ ಪೋರ್ಟ್) ತಂತಿಯನ್ನು ನೇರವಾಗಿ ಜೋಡಿಸಲೇಬಾರದು, ಅಲ್ಲಿ ವೋಲ್ಟೇಜ್ ಎರಡೂ ದಿಕ್ಕಿನಲ್ಲಿ 15ರವರೆಗೆ ಹೋಗಬಹುದಾದ್ದರಿಂದ ಮ್ಯಾಕ್ಸ್232ರಂಥ ಪರಿವರ್ತಕದ ಈಚೆ, ಅಂದರೆ ಕಡಿಮೆ ವೋಲ್ಟೇಜಿನ, ಬದಿಯಲ್ಲಿಯೇ ಪ್ರೋಬ್ ಹಾಕಬೇಕು. ಅನಲೈಸರಿನ ಗ್ರೌಂಡ್ ಮತ್ತು ಕಂಪ್ಯೂಟರಿನ ಗ್ರೌಂಡ್ ಒಂದೇ ಆಗಿರುವುದರಿಂದ, ಟ್ರಾನ್ಸ್‌ಫಾರ್ಮರ್‌ನ ಬೇರ್ಪಡಿಕೆ ಇಲ್ಲದೆ ಮನೆಯ ವಿದ್ಯುತ್ತಿಗೆ ನೇರವಾಗಿ ಸೇರಿರುವ ಸರ್ಕ್ಯೂಟುಗಳ ಹತ್ತಿರಕ್ಕೂ ಇದನ್ನು ಒಯ್ಯಬಾರದು; ಅಲ್ಲಿ ಸುಡುವುದು ಅನಲೈಸರ್ ಒಂದೇ ಆಗಿರುವುದಿಲ್ಲ, ಮುಟ್ಟಿದವರ ಜೀವಕ್ಕೂ ಅಪಾಯ.