ಇನ್‌ಕಾಯ್ಸ್ ಮೀನು ಸೂಚನೆ: ಡೀಸೆಲ್ ಲೆಕ್ಕ ಬರೆಯುವವಳ ಅಭಿಪ್ರಾಯ

ನಮ್ಮ ಮನೆಯ ಟ್ರಾಲ್ ಬೋಟು ಮಲ್ಪೆ ಬಂದರಿನದು. ಅದರ ಲೆಕ್ಕದ ಪುಸ್ತಕ ನನ್ನ ಕೈಯಲ್ಲಿದೆ. ಡೀಸೆಲ್, ಐಸು, ಬಲೆ ರಿಪೇರಿ, ಬೋಟಿನವರ ಪಾಲು ಎಲ್ಲ ನಾನೇ ಬರೆಯುವುದು. ಮೀನು ಹುಡುಕಿಕೊಂಡು ಸುಮ್ನೆ ಸುತ್ತಿದ ಹೊತ್ತಿಗೂ ಡೀಸೆಲ್ ಹೋಗುತ್ತದೆ ಅಲ್ವಾ? ಹೈದರಾಬಾದಿನ ಇನ್‌ಕಾಯ್ಸ್ (ಕೇಂದ್ರ ಸರ್ಕಾರದ ಸಾಗರ ಮಾಹಿತಿ ಸಂಸ್ಥೆ) ಕೊಡುವ, ಮೀನು ಸಿಗಬಹುದಾದ ಜಾಗ ಹೇಳುವ ಮೀನು ಸೂಚನೆಯನ್ನು ನಾನು ನೋಡುವುದು ಆ ಒಂದು ಕಾರಣಕ್ಕೆ. ಪುಕ್ಕಟೆ ಸೇವೆ. ಕನ್ನಡದಲ್ಲೂ ಇದೆ.

ಈ ಸೂಚನೆ ತಯಾರಾಗುವುದು ಉಪಗ್ರಹ ಕೊಡುವ ಮಾಹಿತಿಯಿಂದ. ಆದರೆ ಉಪಗ್ರಹಕ್ಕೆ ಮೀನು ಕಾಣುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಬಂದರಿನಲ್ಲಿ ಅರ್ಧ ಜನ ಹಾಗೆಂದುಕೊಂಡೇ ಬೈಯುತ್ತಾರೆ. ಅದಕ್ಕೆ ಕಾಣುವುದು ಎರಡು: ನೀರಿನ ಬಣ್ಣ ಮತ್ತು ಮೇಲ್ಮೈಯ ಬಿಸಿ. ಕಣ್ಣಿಗೆ ಕಾಣದಷ್ಟು ಸಣ್ಣ ಹಸಿರು ಪಾಚಿ ಬೆಳೆದ ಕಡೆ ನೀರಿನ ಬಣ್ಣ ಬದಲಾಗುತ್ತದೆ. ಅದನ್ನು ತಿನ್ನುವ ಸಣ್ಣ ಜೀವಿಗಳು ಬರುತ್ತವೆ, ಅವುಗಳ ಹಿಂದೆ ಮೀನು. ತಣ್ಣೀರು ಬಿಸಿನೀರು ಸೇರುವ ಗೆರೆಯಲ್ಲೂ ಹೀಗೆಯೇ ಮೇವು ಒಟ್ಟಾಗುತ್ತದೆ. ಬಣ್ಣ ನೋಡಲೆಂದೇ ನಮ್ಮ ದೇಶದ ಓಷನ್‌ಸ್ಯಾಟ್ ಉಪಗ್ರಹಗಳಿವೆ. ಮೂರನೆಯದು 2022ರ ನವೆಂಬರ್ 26ರಂದು ಶ್ರೀಹರಿಕೋಟದಿಂದ ಹೋಯಿತು. ಅದರ ಕ್ಯಾಮೆರಾ ಬೆಳಕನ್ನು 13 ಪಟ್ಟಿಗಳಾಗಿ ಬಿಡಿಸಿ ನೋಡುತ್ತದೆ.

ನನಗೆ ಹಿಡಿಸಿದ್ದು ಇಷ್ಟೆಲ್ಲ ವಿಜ್ಞಾನವನ್ನು ಒಂದು ಸಾಲಿಗೆ ಇಳಿಸಿದ ರೀತಿ. ನಿಮ್ಮ ಬಂದರಿನ ಹೆಸರು ಹುಡುಕಿದರೆ ಸಾಕು. ಯಾವ ದಿಕ್ಕು, ಎಷ್ಟು ಡಿಗ್ರಿ, ಎಷ್ಟರಿಂದ ಎಷ್ಟು ಕಿಲೋಮೀಟರ್ ದೂರ, ಎಷ್ಟು ಮೀಟರ್ ಆಳ, ಅಕ್ಷಾಂಶ, ರೇಖಾಂಶ. ಅಷ್ಟೇ. ಆ ಸಾಲನ್ನು ವಾಟ್ಸಾಪಿನಲ್ಲಿ ಬೋಟು ನಡೆಸುವ ತಾಂಡೇಲರಿಗೆ ಕಳಿಸಿದರೆ ಅವರು ನೇರ ಜಿಪಿಎಸ್‌ಗೆ ಹಾಕುತ್ತಾರೆ. ಬಣ್ಣದ ನಕ್ಷೆ ಕೊಟ್ಟು ‘ನೀವೇ ಅರ್ಥ ಮಾಡಿಕೊಳ್ಳಿ’ ಅಂದಿದ್ದರೆ ಯಾರೂ ನೋಡುತ್ತಿರಲಿಲ್ಲ.

ಆದರೂ ಒಂದು ತಕರಾರು. ದೂರ ಕಿಲೋಮೀಟರಿನಲ್ಲಿ, ಆಳ ಮೀಟರಿನಲ್ಲಿ ಏಕೆ? ನಮ್ಮ ತಾಂಡೇಲರು ದೂರಕ್ಕೆ ನಾಟಿಕಲ್ ಮೈಲಿ, ಆಳಕ್ಕೆ ಮಾರು ಲೆಕ್ಕದವರು. “ಅಕ್ಕಾ, ಇದು ಎಷ್ಟು ಮಾರು ಅಂತ ಹೇಳಿ ಕಳಿಸಿ” ಅನ್ನುತ್ತಾರೆ. ನಾನು ಕ್ಯಾಲ್ಕುಲೇಟರ್ ಹಿಡಿದು ದೂರವನ್ನು 1.852ರಿಂದ, ಆಳವನ್ನು 1.83ರಿಂದ ಭಾಗಿಸುತ್ತ ಕೂರಬೇಕು. ಪಕ್ಕದಲ್ಲೇ ಇನ್ನೆರಡು ಕಾಲಂ ಹಾಕಿದರೆ ಏನು ಹೋಗುತ್ತಿತ್ತು?

ಇದರ ಜೊತೆಗೆ ನಾಸಾದ ವರ್ಲ್ಡ್‌ವ್ಯೂ ಅನ್ನುವ ವೆಬ್‌ಸೈಟನ್ನೂ ತೆರೆದಿಟ್ಟುಕೊಳ್ಳುತ್ತೇನೆ. ಲಾಗಿನ್ ಬೇಡ, ದುಡ್ಡು ಬೇಡ. ಇಂಗ್ಲಿಷಿನಲ್ಲಿದೆ, ಫೋನಿಗಿಂತ ಕಂಪ್ಯೂಟರಿನಲ್ಲಿ ಆರಾಮ. ಬೋಟಿಗೆ ಬಿಂದು ಕೊಡುವ ಕೆಲಸಕ್ಕೆ ಅದು ಬೇಡವೇ ಬೇಡ. ಆದರೆ ಸೂಚನೆಯ ಹಿಂದೆ ಏನಿದೆ ಎಂದು ತಿಳಿಯಲು ಅದರಷ್ಟು ಒಳ್ಳೆಯದು ಬೇರೆ ನೋಡಿಲ್ಲ. ಕ್ಲೋರೋಫಿಲ್ (ಪಾಚಿಯ ಹಸಿರು) ಪದರ ಹಾಕಿ, ಕೆಳಗಿನ ತಾರೀಕಿನ ಪಟ್ಟಿಯನ್ನು ಒಂದೊಂದೇ ದಿನ ಸರಿಸಿ. ನಿನ್ನೆ ಇದ್ದ ಹಸಿರು ಇವತ್ತು ಬೇರೆ ಕಡೆ ಇರುತ್ತದೆ. ಹಳೆಯ ಸೂಚನೆ ಏಕೆ ಕೆಲಸಕ್ಕೆ ಬರುವುದಿಲ್ಲ ಎಂದು ಕಣ್ಣಿಗೇ ಗೊತ್ತಾಗುತ್ತದೆ. ಒಂದು ಎಚ್ಚರಿಕೆ: ದಡಕ್ಕೆ ಅಂಟಿಕೊಂಡ ಪಟ್ಟಿಯಲ್ಲಿ ಕ್ಲೋರೋಫಿಲ್ ಯಾವಾಗಲೂ ಜಾಸ್ತಿ ಕಾಣಬಹುದು. ಹೊಳೆ ತಂದ ಕೆಸರೂ ಲೆಕ್ಕವನ್ನು ಕೆಡಿಸುತ್ತದೆ. ಅಲ್ಲಿ ಮೀನು ರಾಶಿ ಬಿದ್ದಿದೆ ಎಂದಲ್ಲ.

ಆ ನಕ್ಷೆಯಲ್ಲಿ ಖಾಲಿ ಜಾಗಗಳೂ ಕಾಣುತ್ತವೆ. ಹೆಚ್ಚಾಗಿ ಅದು ಮೋಡ. ಬಣ್ಣ ನೋಡುವ ಕ್ಯಾಮೆರಾಕ್ಕೆ ಮೋಡದಾಚೆ ಕಾಣುವುದಿಲ್ಲ. ಮಳೆಗಾಲದಲ್ಲಿ ನಮ್ಮ ಕರಾವಳಿಯ ಸಮುದ್ರದಲ್ಲಿ ಅಡಿಯ ತಣ್ಣೀರು ಮೇಲೆದ್ದು ಮೇವು ಜೋರಾಗಿ ಬೆಳೆಯುತ್ತದೆ. ಅದೇ ಹೊತ್ತಿಗೆ ಆಕಾಶ ಮುಚ್ಚಿರುತ್ತದೆ! ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳಿಗೆ ರಜೆ ಇರುವುದರಿಂದ ನಮಗೆ ಅಷ್ಟು ನಷ್ಟ ಇಲ್ಲ. ಆಗಸ್ಟಿನಲ್ಲಿ ಬೋಟು ಇಳಿಸಿದ ಮೇಲೂ ಮೋಡ ಬಿಡದಿದ್ದರೆ ತಾಂಡೇಲರ ಅನುಭವವೇ ಗತಿ.

ಮೀನಿನ ಹೆಸರನ್ನೂ ಮಾಮೂಲಿ ಸೂಚನೆ ಹೇಳುವುದಿಲ್ಲ. ಟ್ಯೂನಾಗೆ ಬೇರೆ ಸೂಚನೆ ಇದೆ, ನಮಗದು ಬೇಡ. ಹೋದಲ್ಲಿ ಬಂಗುಡೆ ಸಿಗುತ್ತದೋ, ಫಿಶ್‌ಮೀಲಿಗೆ ಹಾಕುವ ಸಣ್ಣ ಮೀನು ಸಿಗುತ್ತದೋ, ಬಲೆ ಎತ್ತಿದ ಮೇಲೇ ಗೊತ್ತು. ನಮ್ಮ ಟ್ರಾಲ್ ಬಲೆ ಎಳೆಯುವುದು ತಳದ ಹತ್ತಿರ, ಉಪಗ್ರಹ ನೋಡುವುದು ಮೇಲಿನ ನೀರು. ಹಾಗಾಗಿ ಮೀನಿನ ಗುಂಪಿನ ಸುತ್ತ ಬಲೆ ಹಾಕಿ ಬಂಗುಡೆ, ಬೂತಾಯಿ ಹಿಡಿಯುವ ಪರ್ಸೀನ್‌ನವರಿಗೆ ಇದು ನಮಗಿಂತ ಹೆಚ್ಚು ಸಲ್ಲುತ್ತದೆ ಎಂದು ನನ್ನ ಅನಿಸಿಕೆ. ಅಂಕ ಕೊಡುವುದಾದರೆ ನಮಗೆ ಐದಕ್ಕೆ ಮೂರೂವರೆ, ಅವರಿಗೆ ನಾಲ್ಕೂವರೆ.

ಬಿಂದು ದೂರ ಬಿದ್ದ ದಿನ ನಾಡದೋಣಿಯವರಿಗೆ ಈ ಸಾಲಿನಿಂದ ಏನೂ ಇಲ್ಲ. ಆದರೆ ಇನ್‌ಕಾಯ್ಸ್‌ನವರೇ ಕೊಡುವ ಅಲೆಯ ಮುನ್ಸೂಚನೆಯನ್ನು ಅವರು ಬಿಡಬಾರದು. ದಕ್ಷಿಣದ ದೂರದ ಸಾಗರದಲ್ಲಿ ಬಿರುಗಾಳಿ ಎಬ್ಬಿಸಿದ ಅಲೆ ದಿನಗಟ್ಟಲೆ ಸಾಗಿ ಇಲ್ಲಿಗೆ ಬರುತ್ತದೆ. ಇಲ್ಲಿ ಗಾಳಿಯೇ ಇರುವುದಿಲ್ಲ, ಆಕಾಶವೂ ಚೊಕ್ಕ. ಕೇರಳದವರು ಅದಕ್ಕೆ ಕಳ್ಳಕ್ಕಡಲ್ ಅನ್ನುತ್ತಾರೆ. ಅದರ ಎಚ್ಚರಿಕೆ ಇನ್‌ಕಾಯ್ಸ್‌ನ ‘ಸಮುದ್ರ’ ಅನ್ನುವ ಆ್ಯಪಿನಲ್ಲಿ ಬರುತ್ತದೆ. ಫೋನಿನಲ್ಲಿ ನೋಟಿಫಿಕೇಶನ್ ಮಾತ್ರ ಆಫ್ ಮಾಡಿಡಬೇಡಿ.