ಸುರಂಗಕ್ಕೆ ಯಾರನ್ನು ಕಳಿಸೋದು: ಗಾಡಿಯನ್ನೋ, ಡ್ರೋನನ್ನೋ, ನಾನೇ ಹೋಗೋದೋ?

ಲೋಕಾಪುರದ ಕಡೆ ನಮ್ಮ ಕಾಕಾನ ಹಳೆಯ ಸುಣ್ಣದ ಕಲ್ಲಿನ ಕ್ವಾರಿ ಇದೆ. ತಳದ ನೀರು ಹೊರಗೆ ಹೋಗಲಿ ಅಂತ ಯಾವಾಗಲೋ ಕೊರೆದ ಸುರಂಗ ಅದರಲ್ಲಿದೆ, ಸುಮಾರು 70 ಮೀಟರ್, ನಡುವೆ ಒಂದು ತಿರುವು. ನಾನು ಬಾಗಲಕೋಟೆಯಲ್ಲಿ ಸರ್ವೆ ಮಾಡುವವನು. ಗಣಿಯೊಳಗಿನ ಅಳತೆಯ ಕೆಲಸವೊಂದು ಸಿಗುವ ಹಾಗಿತ್ತು, ಅದಕ್ಕೆ ಯಾವ ಯಂತ್ರ ಕೊಳ್ಳೋದು ಅಂತ ತಲೆ ಕೆಟ್ಟಿತ್ತು. ರೋಬೋ ಗಾಡಿ, ಕೈಯಲ್ಲಿ ಹಿಡಿಯುವ ಲೇಸರ್ ಸ್ಕ್ಯಾನರ್, ಡ್ರೋನು, ಮೂರನ್ನೂ ಬಾಡಿಗೆಗೆ ತಂದು ಎರಡು ದಿನ ಇಲ್ಲೇ ಓಡಿಸಿ ನೋಡಿದೆ.

ಮೇಲಿಂದಲೇ ನೋಡಬಹುದಲ್ವಾ ಅಂತ ಗೆಳೆಯ ಕೇಳಿದ. ಸೆಂಟಿನೆಲ್-1 ಉಪಗ್ರಹದ ರೇಡಾರ್ ಚಿತ್ರಗಳು ಪುಕ್ಕಟೆ ಸಿಗುತ್ತವೆ, ನೆಲ ಕೆಲವೇ ಮಿಲಿಮೀಟರ್ ಕುಸಿದರೂ ಲೆಕ್ಕ ಹಾಕಬಹುದು, ನಿಜ. ಆದರೆ ಅದು ನೆಲದ ಮೇಲಿನ ಸುದ್ದಿ. ನೆಲದೊಳಗೆ ರೇಡಿಯೊ ಅಲೆ ಬಿಟ್ಟು ನೋಡುವ ಜಿಪಿಆರ್ ಇದೆಯಲ್ಲ, ಅದರ ಆಟ ನಮ್ಮ ಎರೆ ಮಣ್ಣಿನ ಮುಂದೆ ನಡೆಯೋದಿಲ್ಲ. ಹಸಿ ಮಣ್ಣು ಅಲೆಯನ್ನೇ ನುಂಗಿಬಿಡುತ್ತದೆ.

ಮೊದಲು ಚೈನ್ ಗಾಲಿಯ ರೋಬೋ ಗಾಡಿ. ಕ್ಯಾಮೆರಾ, ಲೈಟು, ಗ್ಯಾಸ್ ಮೀಟರ್, ಹಿಂದೆ ಉದ್ದನೆಯ ಕೇಬಲ್ಲು. ಕೇಬಲ್ ಇರೋದು ಒಳ್ಳೆಯದೇ, ತಿರುವಿನಾಚೆಯೂ ಚಿತ್ರ ಕಡಿಯಲಿಲ್ಲ. ಆದರೆ ಅದೇ ಕೇಬಲ್ಲು ವಾಪಸ್ ಬರುವಾಗ ಕಲ್ಲಿಗೆ ಸಿಕ್ಕಿಕೊಂಡಿತು, ಬಿಡಿಸಲು ನಾನೇ ಹೋಗಬೇಕಾಯಿತು. ಮನುಷ್ಯ ಹೋಗಬಾರದು ಅಂತ ತಂದ ಗಾಡಿಯನ್ನು ಮನುಷ್ಯನೇ ಹೋಗಿ ತರೋದು! ನೀರಂತೂ ಇದಕ್ಕೆ ಶತ್ರು. 2010ರಲ್ಲಿ ನ್ಯೂಜಿಲೆಂಡಿನ ಪೈಕ್ ರಿವರ್ ಕಲ್ಲಿದ್ದಲು ಗಣಿ ಸ್ಫೋಟಗೊಂಡು 29 ಜನ ಸತ್ತಾಗ ಒಳಗೆ ಕಳಿಸಿದ ಸೈನ್ಯದ ರೋಬೋ ಕೂಡ ನೀರು ತಾಗಿ ಅರ್ಧದಲ್ಲೇ ನಿಂತಿತ್ತು. ಆದರೂ ಒಂದು ಕೆಲಸಕ್ಕೆ ಗಾಡಿಯೇ ಬೇಕು: ಮೊದಲು ಹೋಗಿ ಗಾಳಿ ನೋಡಿ ಬರೋಕೆ. ಮಾಮೂಲಿ ಗಾಳಿಯಲ್ಲಿ ಆಮ್ಲಜನಕ ಶೇ. 20.9 ಇರುತ್ತದೆ, ಸುರಂಗದ ಕೊನೆಯಲ್ಲಿ 20.4 ತೋರಿಸಿತು, ತುಸುವೇ ಕಡಿಮೆ. ಅದನ್ನು ನೋಡಿಯೇ ನಾನು ಒಳಗೆ ಕಾಲಿಟ್ಟಿದ್ದು.

ಎರಡನೆಯದು ಕೈಯಲ್ಲಿ ಹಿಡಿದು ನಡೆಯುವ ಲೈಡಾರ್. ಲೇಸರ್ ಬಿಟ್ಟು, ಅದು ಗೋಡೆಗೆ ಬಡಿದು ಬರುವ ಹೊತ್ತಿನಿಂದ ದೂರ ಲೆಕ್ಕ ಹಾಕುತ್ತದೆ. ಒಳಗೆ ಜಿಪಿಎಸ್ ಇಲ್ಲವಲ್ಲ, ಹಾಗಾಗಿ ಗೋಡೆಯ ಉಬ್ಬು ತಗ್ಗನ್ನೇ ಗುರುತು ಇಟ್ಟುಕೊಂಡು ತಾನೆಲ್ಲಿದ್ದೇನೆ ಅಂತ ತಾನೇ ಹುಡುಕಿಕೊಳ್ಳುತ್ತದೆ. ಇದನ್ನು ಸ್ಲ್ಯಾಮ್ ಅಂತಾರೆ. ಮೊದಲ ಸಲ ಒಳಗೆ ಹೋಗಿ ಅಲ್ಲೇ ಆಫ್ ಮಾಡಿದೆ. ಮನೆಗೆ ಬಂದು ಕಂಪ್ಯೂಟರಿಗೆ ಹಾಕಿ ನೋಡಿದರೆ ತಿರುವಿನವರೆಗೆ ನೆಟ್ಟಗಿದ್ದ ಸುರಂಗ ಕುಡಗೋಲಿನ ಹಾಗೆ ಬಾಗಿತ್ತು! ನುಣ್ಣನೆ ಗೋಡೆ ಇದ್ದ ಕಡೆ ಅದಕ್ಕೆ ಹಿಡಿಯಲು ಗುರುತೇ ಸಿಕ್ಕಿಲ್ಲ. ಮರುದಿನ ಟೋಟಲ್ ಸ್ಟೇಷನ್ನಿನಿಂದ (ಕಾಲುಗಳ ಮೇಲೆ ನಿಲ್ಲಿಸಿ ಒಂದೊಂದೇ ಬಿಂದು ಅಳೆಯುವ ಸರ್ವೆ ಯಂತ್ರ) ಅಳೆದ ನಾಲ್ಕು ಗುರುತು ಗೋಡೆಗೆ ಅಂಟಿಸಿ, ಶುರು ಮಾಡಿದಲ್ಲಿಗೇ ವಾಪಸ್ ಬಂದು ಮುಗಿಸಿದೆ. ಕೊನೆಯ ತುದಿಯಲ್ಲಿ ವ್ಯತ್ಯಾಸ ಬರೀ 3 ಸೆಂಟಿಮೀಟರ್. ನಡೆದಿದ್ದು ಹತ್ತು ನಿಮಿಷವೂ ಇಲ್ಲ. ಅದೇ ಕೆಲಸ ಬರೀ ಟೋಟಲ್ ಸ್ಟೇಷನ್ನಿನಲ್ಲಿ ಮಾಡಿದ್ದರೆ ದಿನವೇ ಹೋಗುತ್ತಿತ್ತು, ಅದೂ ಇಷ್ಟು ಬಿಂದು ಸಿಗುತ್ತಿರಲಿಲ್ಲ.

ಮೂರನೆಯದು ಲೈಡಾರ್ ಹೊತ್ತ ಡ್ರೋನು, ಸುತ್ತ ಪಂಜರ. 2021ರಲ್ಲಿ ಅಮೆರಿಕದ ಕೆಂಟಕಿಯಲ್ಲಿ ಅಲ್ಲಿನ ಸೈನ್ಯಕ್ಕಾಗಿ ಸಂಶೋಧನೆ ಮಾಡಿಸುವ ಡಾರ್ಪಾ ಸಂಸ್ಥೆ ನಡೆಸಿದ ಭೂಗತ ರೋಬೋಗಳ ಸ್ಪರ್ಧೆಯ ಅಂತಿಮ ಸುತ್ತು ನಡೆದದ್ದೂ ಸುಣ್ಣದ ಕಲ್ಲಿನ ಹಳೆಯ ಗಣಿಯಲ್ಲೇ, ಅಲ್ಲಿ ಇಂಥ ಡ್ರೋನು, ನಾಲ್ಕು ಕಾಲಿನ ರೋಬೋ ಎಲ್ಲ ಸೇರಿ ಓಡಾಡಿದ್ದವು. ನಮ್ಮಲ್ಲಿ ಆದದ್ದೇನು ಅಂದರೆ, ರೆಕ್ಕೆಯ ಗಾಳಿಗೆ ಸುಣ್ಣದ ಪುಡಿ ಎದ್ದು ಸುರಂಗ ತುಂಬಿತು, ಡ್ರೋನಿಗೆ ಧೂಳೇ ಗೋಡೆಯಾಗಿ ಕಂಡು ಮುಂದೆ ಹೋಗದೆ ಹಿಂದೆ ಬರದೆ ನಡುವೆ ತೂಗಾಡತೊಡಗಿತು. ಬ್ಯಾಟರಿ ಹತ್ತು ನಿಮಿಷ. ನೆಲಕ್ಕೆ ನೀರು ಚಿಮುಕಿಸಿ ಮತ್ತೆ ಹಾರಿಸಿದ ಮೇಲೆ ಸರಿಹೋಯಿತು. ಇನ್ನೊಂದು ಮಾತು, ಮಾಮೂಲಿ ಡ್ರೋನನ್ನು ಕಲ್ಲಿದ್ದಲು ಗಣಿಗೆ ಒಯ್ಯುವ ಯೋಚನೆಯೇ ಬೇಡ. ಗಾಳಿಯಲ್ಲಿ ಮೀಥೇನ್ ಶೇ. 5ರಿಂದ 15ರವರೆಗೆ ಇದ್ದರೆ ಒಂದು ಕಿಡಿ ಸಾಕು.

ಕಾಕಾ ಇದನ್ನೆಲ್ಲ ನೋಡುತ್ತ ನಿಂತಿದ್ದವರು ಹಾರೆ ತಗೊಂಡು ಬಂದರು. ಬಾಯಿಯ ಹತ್ತಿರದ ಚಾವಣಿಗೆ ಬಡಿದರು, ಟಣ್ ಅಂತು. ಎರಡು ಹೆಜ್ಜೆ ಮುಂದೆ ಬಡಿದರೆ ಡಬ್. "ಕೇಳಿದೇನು ತಮ್ಮಾ? ಇದು ಬಿಟ್ಟೈತಿ." ಹೌದು, ಸಡಿಲಾದ ಕಲ್ಲು ಟೊಳ್ಳು ಸದ್ದು ಮಾಡುತ್ತದೆ, ಗಣಿಗಳಲ್ಲೂ ಹಾಗೇ ನೋಡುತ್ತಾರೆ. ಆ ಜಾಗ ನನ್ನ ಸ್ಕ್ಯಾನಿನಲ್ಲಿ ಸಪಾಟಾಗಿ ಚೆಂದ ಕಾಣುತ್ತಿತ್ತು. ಆದರೆ ಆ ಸದ್ದು ಕೇಳೋಕೆ ಕಾಕಾ ಅದೇ ಕಲ್ಲಿನ ಕೆಳಗೆ ನಿಂತಿದ್ದರು, ನಾನು ಕೈ ಹಿಡಿದು ಎಳೆದೆ.

ಕೊನೆಗೆ ಲೈಡಾರ್ ಕೊಂಡೆ. ಮನುಷ್ಯ ನಿಲ್ಲಬಾರದ ಜಾಗಕ್ಕೆ ಮಾತ್ರ ಡ್ರೋನು, ಅದೂ ಬಾಡಿಗೆಗೆ. ಗಾಡಿ ವಾಪಸ್ ಕೊಟ್ಟೆ, ಗ್ಯಾಸ್ ಮೀಟರ್ ಬೇರೆ ತಗೊಂಡಿದ್ದೇನೆ, ಉದ್ದನೆ ಕೋಲಿಗೆ ಕಟ್ಟಿ ಮುಂದೆ ಹಿಡಿಯುತ್ತೇನೆ. ಕಾಕಾ ಸುರಂಗದ ಬಾಯಿಗೆ ಜಾಲಿ ಮುಳ್ಳು ಹಾಕಿಸಿದ್ದಾರೆ. ಮಳೆಗಾಲ ಮುಗಿದ ಮೇಲೆ ಡ್ರೋನಿನಿಂದ ಅದೇ ಚಾವಣಿಯನ್ನು ಇನ್ನೊಮ್ಮೆ ಸ್ಕ್ಯಾನ್ ಮಾಡಿ, ಹಳೆಯದರ ಮೇಲೆ ಇಟ್ಟು ನೋಡಬೇಕು, ಆ ಡಬ್ ಅಂದ ಕಲ್ಲು ಎಷ್ಟು ಕೆಳಗೆ ಇಳಿದಿದೆ ಅಂತ.