ನಮೀಬಿಯದ ಬಯಲಿಗೆ ಯಾವ ರೈಫಲ್? ಮೂರನ್ನೂ ಹೊಡೆದು ನೋಡಿದ ಮೇಲೆ

ನಮ್ಮದು ವಿರಾಜಪೇಟೆ ಕಡೆ. ಕೊಡಗಿನ ಆಯುಧ ಹಬ್ಬವಾದ ಕೈಲ್‌ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡಿ, ಆಮೇಲೆ ಹಿರಿಯರು ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ನೋಡುತ್ತಲೇ ಬೆಳೆದೆ. ಊರಲ್ಲಿ ಬೇಟೆಗೆ ಕಾನೂನು ಬಿಡುವುದಿಲ್ಲ, ಬಿಡಲೂಬಾರದು. ಕೆಲಸಕ್ಕೆಂದು ನಮೀಬಿಯದ ರಾಜಧಾನಿ ವಿಂಡ್‌ಹುಕ್‌ಗೆ ಬಂದ ಮೇಲೆ ಪರವಾನಗಿ ಪಡೆದು ಎರಡು ಚಳಿಗಾಲ ಖಾಸಗಿ ಫಾರ್ಮ್‌ಗಳಲ್ಲಿ ಬೇಟೆಯಾಡಿದೆ. ಆಗ ಕೈಗೆ ಸಿಕ್ಕ ಮೂರು ರೈಫಲ್‌ಗಳ ವಿಚಾರ ಇದು. ಅವು ಹೊಡೆಯುವ ತೋಟಾದ ಹೆಸರಿನಲ್ಲೇ ಕರೆದರೆ .308, .300 ವಿನ್ ಮ್ಯಾಗ್ ಮತ್ತು .375 ಎಚ್ ಆಂಡ್ ಎಚ್.

ಇಲ್ಲಿಯ ನಿಯಮದ ಪ್ರಕಾರ ಸ್ಪ್ರಿಂಗ್‌ಬಾಕ್‌ಗೆ ಗುಂಡಿನ ಶಕ್ತಿ ಕನಿಷ್ಠ 1350 ಜೂಲ್, ಕುಡು ಮತ್ತು ಓರಿಕ್ಸ್‌ಗೆ 2700 ಜೂಲ್ ಇರಬೇಕು. ಮೂರೂ ಇಲ್ಲಿಯ ಜಿಂಕೆಯಂಥ ಪ್ರಾಣಿಗಳು. ಸ್ಪ್ರಿಂಗ್‌ಬಾಕ್ ಎಂದರೆ ಹೆಚ್ಚುಕಡಿಮೆ ನಮ್ಮ ಕೃಷ್ಣಮೃಗದ ಗಾತ್ರ. ಗಂಡು ಕುಡು ಕಡವೆಯಷ್ಟು ತೂಗುತ್ತದೆ. ಮೂರೂ ರೈಫಲ್ ಈ ಮಿತಿಯನ್ನು ಸಲೀಸಾಗಿ ದಾಟುತ್ತವೆ, .308 ಕೂಡ.

ನಾನು ಮೊದಲು ಮನಸೋತದ್ದು .300 ವಿನ್ ಮ್ಯಾಗ್‌ಗೆ. ಬಯಲು ಪ್ರದೇಶ, ದೂರದ ಗುರಿ, ವೇಗದ ಗುಂಡು ಬೇಕು ಅನ್ನುವ ಲೆಕ್ಕ. ಕೈಗೆ ಬಂದ ರೈಫಲ್ ಹಗುರ, ಭುಜಕ್ಕೆ ಒದೆಯುವುದು ಮಾತ್ರ ಜೋರು. ಹತ್ತು ತೋಟಾ ಮುಗಿಯುವಷ್ಟರಲ್ಲಿ ಟ್ರಿಗರ್ ಒತ್ತುವ ಮುಂಚೆಯೇ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಅದೇ ಅಭ್ಯಾಸದಲ್ಲಿ ಒಂದು ಓರಿಕ್ಸ್‌ಗೆ ಹೊಡೆದೆ. ಗುಂಡು ಹಿಂದಕ್ಕೆ, ಹೊಟ್ಟೆಗೆ ಬಿತ್ತು. ಜಾಡು ಹಿಡಿಯುವವರ ಹಿಂದೆ ಮಧ್ಯಾಹ್ನದವರೆಗೂ ಕೆಂಪು ಮರಳಿನಲ್ಲಿ ನಡೆದು ಅದರ ನೋವು ಮುಗಿಸಬೇಕಾಯಿತು. ಆ ಪ್ರಾಣಿ ಅಷ್ಟು ಹೊತ್ತು ನರಳಿದ್ದು ನನ್ನಿಂದ. ಅದು ಇವತ್ತಿಗೂ ಮನಸ್ಸಿನಿಂದ ಹೋಗಿಲ್ಲ.

ಆಮೇಲೆ ಹಲಗೆಗೆ ಹೊಡೆದು ಅಳೆದೆ. ಸ್ಕೋಪನ್ನು 100 ಮೀಟರ್‌ಗೆ ಹೊಂದಿಸಿದರೆ, 200 ಮೀಟರ್‌ನಲ್ಲಿ .300 ಗುಂಡಿಗಿಂತ .308 ಗುಂಡು ಕೆಳಗೆ ಬೀಳುವುದು ನಾಲ್ಕು ಬೆರಳಿನಷ್ಟೂ ಇಲ್ಲ. ಇಲ್ಲಿ ಮುಳ್ಳುಪೊದೆಗಳ ನಡುವೆ ನಾನು ಹೊಡೆದದ್ದೆಲ್ಲ 200ರ ಒಳಗೇ. ಅಷ್ಟಕ್ಕೆ ಆ ಒದೆತ ಯಾಕೆ ತಿನ್ನಬೇಕು?

.375 ಎಚ್ ಆಂಡ್ ಎಚ್ 1912ರ ಹಳೆಯ ತೋಟಾ, 300 ಗ್ರೇನ್ (ಸುಮಾರು 19 ಗ್ರಾಂ) ಗುಂಡು. ರೈಫಲ್ ಭಾರ, ಹಾಗಾಗಿ ಚುರುಕಾಗಿ ಕುಟ್ಟುವುದಿಲ್ಲ, ನಿಧಾನಕ್ಕೆ ದೂಡುತ್ತದೆ. ನನಗೆ .300ಗಿಂತ ಇದೇ ಹಿತವೆನಿಸಿತು. ಆದರೆ ಬೆಳಗಿನಿಂದ ಹೆಗಲಿಗೆ ಹಾಕಿಕೊಂಡು ನಡೆದವನಿಗೆ ಅದರ ತೂಕ ಗೊತ್ತಾಗುತ್ತದೆ. ತೋಟಾ ಬೆಲೆಯೂ ಜಾಸ್ತಿ, ಅಭ್ಯಾಸಕ್ಕೆ ಕೈ ಬರುವುದಿಲ್ಲ.

ಕೊನೆಗೆ ನಿಂತದ್ದು .308ಕ್ಕೆ, 180 ಗ್ರೇನಿನ ಗಟ್ಟಿ ಗುಂಡಿನೊಂದಿಗೆ. ತೋಟಾ ಊರೂರಲ್ಲಿ ಸಿಗುತ್ತದೆ. ಒಂದು ತಿಂಗಳು ವಾರಕ್ಕೆ ಎರಡು ಸಲ ಮೂರು ಕಾಲಿನ ಊರುಗೋಲಿನ ಮೇಲಿಟ್ಟು, ನಿಂತುಕೊಂಡೇ ಹೊಡೆದೆ; ಬೆಂಚಿನ ಮೇಲೆ ಕೂತು ಹೊಡೆದ ಗುರಿ ಬಯಲಿನಲ್ಲಿ ನೆರವಿಗೆ ಬರುವುದಿಲ್ಲ. ಓರಿಕ್ಸ್‌ನ ಹೃದಯ ನಾವು ಅಂದುಕೊಳ್ಳುವುದಕ್ಕಿಂತ ಕೆಳಗೆ, ಮುಂಗಾಲುಗಳ ನಡುವೆಯೇ ಇರುತ್ತದೆ. ಅಡ್ಡ ನಿಂತಾಗ ಮುಂಗಾಲಿನ ಗೆರೆ ಹಿಡಿದು ಮೇಲೆ ಹೋಗಿ, ಎದೆಯ ಕೆಳಗಿನಿಂದ ಮೂರನೇ ಒಂದು ಭಾಗದ ಎತ್ತರದಲ್ಲಿ ಗುರಿ ನಿಲ್ಲಿಸಬೇಕು. ಎರಡನೇ ಚಳಿಗಾಲದಲ್ಲಿ ಹಾಗೆಯೇ ಮಾಡಿದೆ. ಒಂದು ಓರಿಕ್ಸ್, ಒಂದು ಕುಡು, ಎರಡೂ ಒಂದೊಂದೇ ಈಡಿಗೆ ನೂರು ಹೆಜ್ಜೆಯೊಳಗೆ ಬಿದ್ದವು.

ಇವೆಲ್ಲಕ್ಕಿಂತ ದೊಡ್ಡದಾದ ಈಲ್ಯಾಂಡ್ ಬೇಕೆನ್ನುವವರು ಮಾತ್ರ .375 ತೆಗೆದುಕೊಳ್ಳಿ. ದೊಡ್ಡ ಗಂಡು 700 ಕಿಲೋ ದಾಟುತ್ತದೆ, ಅದಕ್ಕೆ ನಾನು .308 ಎತ್ತುವುದಿಲ್ಲ.